ಒಂದೇ ಮನೆಯಲ್ಲಿ ಮೂರು ಅರವತ್ತೇಳು

ನಮ್ಮ ಕಟ್ಟಡದ ಮೂರನೇ ಮಹಡಿಯ ತಕ್ಕಡಿ ಸಾಹೇಬರು ಯಾವುದನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಸ್ವಭಾವ ಹೀಗಿದ್ದುದರಿಂದ ತೂಕ ಮತ್ತು ಅಳತೆ ಇಲಾಖೆಗೆ ಸೇರಿದರೋ, ಇಲಾಖೆಗೆ ಸೇರಿದ ಮೇಲೆ ಸ್ವಭಾವ ಹೀಗಾಯಿತೋ, ಅದು ಅವರ ಹೆಂಡತಿಗೂ ಗೊತ್ತಿಲ್ಲ. ಇಪ್ಪತ್ತೊಂಬತ್ತು ವರ್ಷಗಳಿಂದ ಅವರು ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಪರೀಕ್ಷಿಸುತ್ತಿದ್ದಾರೆ. ಒಂದೇ ತೂಕದ ಕಲ್ಲನ್ನು ಮೂರು ಸಲ ಇಡುವುದು, ಮೂರು ಸಲವೂ ಒಂದೇ ಅಂಕಿ ಬಂದರೆ ಮುದ್ರೆ ಒತ್ತುವುದು, ಪಕ್ಕದಲ್ಲಿ ನಿಂತವನನ್ನು ಹಿಡಿದು ಸಾಕ್ಷಿಯೆಂದು ಸಹಿ ಹಾಕಿಸುವುದು. ಮೊದಲ ಮಹಡಿಯ ಬಾಣಂತಿ ಮಗುವನ್ನು ತೋರಿಸಿ, "ಮೂರು ಕೆಜಿ ಇನ್ನೂರು ಗ್ರಾಂ ಇದೆ ಸಾಹೇಬ್ರೇ" ಎಂದು ಸಂಭ್ರಮದಿಂದ ಹೇಳಿದಾಗ, ಇವರು ಮಗುವಿನ ಮುಖವನ್ನೂ ನೋಡದೆ, "ಎಷ್ಟು ಸಲ ಇಟ್ಟು ನೋಡಿದ್ರು?" ಎಂದು ಕೇಳಿದ್ದರು.

ನಾನು ಎರಡನೇ ಮಹಡಿಯವನು. ಪುಸ್ತಕದ ಬೈಂಡಿಂಗ್ ಮಾಡಿ ಮಾಡಿ ನಿವೃತ್ತನಾದ ಒಂಟಿ ಮನುಷ್ಯ. ಎಲ್ಲರೂ ನನ್ನನ್ನು ಬೈಂಡರ್ ಎನ್ನುತ್ತಾರೆ. ನನ್ನ ಮಧ್ಯಾಹ್ನದ ಊಟ ಸಾಹೇಬರ ಮನೆಯಿಂದಲೇ ಬರುತ್ತದೆ, ಏಕೆಂದರೆ ಸಾಹೇಬರ ಹೆಂಡತಿ ಡಬ್ಬಿ ಅಕ್ಕ. ಹನ್ನೊಂದು ವರ್ಷಗಳಿಂದ ಆಕೆ ದಿನಕ್ಕೆ ಇಪ್ಪತ್ತಾರು ಊಟದ ಡಬ್ಬಿ ಕಟ್ಟಿ ಕಚೇರಿಗಳಿಗೆ ಕಳಿಸುತ್ತಾರೆ. ಎಣ್ಣೆ ಹಿತಮಿತ, ಉಪ್ಪು ಹಿತಮಿತ, ತರಕಾರಿ ಆ ಬೆಳಿಗ್ಗೆಯದೇ. "ನನ್ನ ಕೈಯಡುಗೆ ತಿಂದೋರು ಆಸ್ಪತ್ರೆ ಮೆಟ್ಟಿಲು ಹತ್ತಬಾರದು" ಎಂಬುದು ಆಕೆಯ ಮಾತು. ಬೇರೆಯವರು ಚಿನ್ನ ಇಟ್ಟುಕೊಂಡಂತೆ ಆಕೆ ಆ ಹೆಸರನ್ನು ಇಟ್ಟುಕೊಂಡಿದ್ದರು. ಮನೆಯಲ್ಲಿ ಮೂರನೆಯವರು ಸಾಹೇಬರ ಅತ್ತೆ, ಅಂದರೆ ಡಬ್ಬಿ ಅಕ್ಕನ ತಾಯಿ, ನಮಗೆಲ್ಲ ಅಜ್ಜಿ. ಎಪ್ಪತ್ತಾರು ವರ್ಷ, ಒಂದು ಊರುಗೋಲು ಮತ್ತು ಇಡೀ ಕಟ್ಟಡಕ್ಕೆ ಕೇಳಿಸುವಷ್ಟು ಗಂಟಲು.

ಹೀಗಿರುವಾಗ ಸಾಹೇಬರ ಕಚೇರಿಗೆ ಒಬ್ಬ ಭಾಷಣಕಾರ ಬಂದ. ವಿಷಯ: ದೀರ್ಘಕಾಲದ ಆರೋಗ್ಯ. ಊಟದ ನಂತರದ ಹೊತ್ತಾದ್ದರಿಂದ ಇಡೀ ಇಲಾಖೆ ತೂಕಡಿಸುತ್ತಿತ್ತಂತೆ. ಆತ, "ಯಾವುದನ್ನ ನಾವು ಅಳೆಯೋದಿಲ್ಲವೋ ಅದನ್ನ ಸರಿಮಾಡೋಕೆ ಆಗೋದಿಲ್ಲ" ಎಂದದ್ದೇ ತಡ, ಸಾಹೇಬರು ಎದ್ದು ನಿಂತು ಒಬ್ಬರೇ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಮೇಲಧಿಕಾರಿಗಳು ಬೆಚ್ಚಿಬಿದ್ದು, ಭಾಷಣ ಮುಗಿಯಿತೆಂದು ತಿಳಿದು ವಂದನಾರ್ಪಣೆ ಮಾಡಿಬಿಟ್ಟರು.

ಅಂದು ಸಂಜೆ ಮೆಟ್ಟಿಲ ಮೇಲೆಯೇ ನನ್ನನ್ನು ಹಿಡಿದರು. "ಬೈಂಡರ್ರೇ, ಬಯೋಮಾರ್ಕರ್ ಅಂದ್ರೆ ಏನು ಗೊತ್ತಾ? ನಮ್ಮ ರಕ್ತದಲ್ಲಿರೋ ಅಂಕಿಗಳು. ಸಕ್ಕರೆ, ಕೊಬ್ಬು, ವಿಟಮಿನ್ನು, ಒಂದೊಂದಕ್ಕೂ ಒಂದೊಂದು ಮುಳ್ಳು! ಅದರಲ್ಲೂ ಮೂರು ತಿಂಗಳ ಸಕ್ಕರೆ ಅಂತ ಒಂದು ಪರೀಕ್ಷೆ ಇದೆ. ಆಹಾ! ಅಂಗಡಿಯವರು ನಾನು ಬರೋ ದಿನ ಮಾತ್ರ ತಕ್ಕಡಿ ಸರಿಮಾಡಿ ಇಟ್ಕೊಂಡಿರ್ತಾರಲ್ಲ, ಹಾಗೇ ಜನ ರಕ್ತ ಕೊಡೋ ಹಿಂದಿನ ದಿನ ಮಾತ್ರ ಬಾಯಿ ಕಟ್ತಾರೆ. ಈ ಪರೀಕ್ಷೆ ಮುಂದೆ ಅದೆಲ್ಲ ನಡಿಯಲ್ಲ. ಮೂರು ತಿಂಗಳಲ್ಲಿ ಏನೇನು ನುಂಗಿದ್ದಾನೋ ಎಲ್ಲ ಕಕ್ಕಿಸ್ತದೆ. ಕಳ್ಳ ತಪ್ಪಿಸ್ಕೊಳ್ಳೋ ಹಾಗೇ ಇಲ್ಲ!"

ಹೀಗೆ ಹೇಳುವಾಗ ಅವರ ಮೀಸೆಯ ತುದಿಯಲ್ಲಿ ಏನೋ ಬಿಳಿ ಪುಡಿ ಮೆತ್ತಿಕೊಂಡಿತ್ತು. ಯಾವುದೋ ಅಂಗಡಿಯ ಗೋಡೆಯ ಸುಣ್ಣ ಇರಬೇಕು ಅಂದುಕೊಂಡು ನಾನು ಸುಮ್ಮನಾದೆ.

ವಾರದಲ್ಲಿ ಒಂದು ರಕ್ತಪರೀಕ್ಷೆಯ ಕಂಪನಿಯಿಂದ ಅಂಚೆಯ ಮೂಲಕ ಮೂರು ಪೆಟ್ಟಿಗೆ ಬಂದವು. ಸಾಹೇಬರು ಇಡೀ ಕುಟುಂಬಕ್ಕೆಂದು ತರಿಸಿದ್ದು, ಒಂದು ತಮಗೆ, ಒಂದು ಹೆಂಡತಿಗೆ, ಒಂದು ಅತ್ತೆಗೆ. ಬೆರಳು ಚುಚ್ಚಿ, ಕಾಗದದ ಕಾರ್ಡಿನ ಮೇಲಿನ ಐದು ವೃತ್ತಗಳಿಗೆ ಐದು ಹನಿ ರಕ್ತ ಹಾಕಿ, ಒಣಗಿಸಿ, ಹೆಸರು ಬರೆದು ಕಳಿಸಬೇಕು. ಒಂದು ಕಾರ್ಡು ಕೆಟ್ಟರೆ ಇರಲಿ ಎಂದು ಪ್ರತಿ ಪೆಟ್ಟಿಗೆಯಲ್ಲೂ ಇನ್ನೊಂದು ಇತ್ತು. ಕಂಪನಿಯವರ ಮುಖ್ಯ ಹೆಮ್ಮೆಯೆಂದರೆ, ಅವರು ನಿಮ್ಮ ವಯಸ್ಸನ್ನು ಕೇಳುವುದೇ ಇಲ್ಲ. ರಕ್ತ ನೋಡಿ ದೇಹದ ವಯಸ್ಸನ್ನು ಅವರೇ ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ಸಾಹೇಬರು ನನ್ನನ್ನು ಸಾಕ್ಷಿಯಾಗಿ ಕರೆದರು. ಡಬ್ಬಿ ಅಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಬೆರಳು ಕೊಟ್ಟರು. ಮೂರು ಹನಿ ಬಿದ್ದಿತ್ತೋ ಇಲ್ಲವೋ, ಒಲೆಯ ಮೇಲೆ ಏನೋ ಉಕ್ಕಿತು. "ಸಾಕು ಬಿಡಿ ರೀ, ಅಷ್ಟರಲ್ಲೇ ನೋಡ್ಕೊಳ್ಳಲಿ" ಎಂದು ಓಡಿದರು. ಅಜ್ಜಿಯದು ಇನ್ನೊಂದು ಕಥೆ. ಸೂಜಿ ತಾಗುವ ಮೊದಲೇ ಕಿರುಚಿ, ತಾಗಿದ ಮೇಲೆ ಒಂದು ಹನಿ ಕೊಟ್ಟು, ಎರಡನೆಯದನ್ನು ಬಾಯಿಗಿಟ್ಟುಕೊಂಡು ಚೀಪುತ್ತ, "ಅಳಿಯಂದ್ರೇ, ನನ್ನ ರಕ್ತ ನನಗೇ ಇರ್ಲಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಾಹೇಬರು ಆ ಎರಡು ಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಒಂದರಲ್ಲಿ ಮೂರು ಅರೆಬರೆ ವೃತ್ತ, ಇನ್ನೊಂದರಲ್ಲಿ ಒಂದು ಚುಕ್ಕೆ. ಅವರ ಮುಖ ಕಪ್ಪಿಟ್ಟಿತು. "ಕಡಿಮೆ ಅಳತೆ," ಎಂದರು. "ನನ್ನ ಮನೆಯಿಂದ! ಇಪ್ಪತ್ತೊಂಬತ್ತು ವರ್ಷ ನಾನು ಯಾವುದರ ವಿರುದ್ಧ ಹೊಡೆದಾಡಿದೀನೋ ಅದನ್ನ ನಾನೇ ಅಂಚೆಗೆ ಹಾಕ್ಲಾ?"

ಆಮೇಲೆ ಅವರ ಕಣ್ಣು ಹೊಳೆಯಿತು. ಆ ಹೊಳಪನ್ನು ಕಂಡಾಗಲೇ ನಾನು ಎದ್ದು ಮನೆಗೆ ಹೋಗಬೇಕಿತ್ತು. "ಅಲ್ಲ ಬೈಂಡರ್ರೇ, ಈ ಕಂಪನಿಯವರ ಯಂತ್ರ ಸರಿ ಇದೆ ಅಂತ ಯಾರು ನೋಡಿದಾರೆ? ಮುದ್ರೆ ಯಾರು ಒತ್ತಿದಾರೆ? ಒಂದೇ ಕಲ್ಲನ್ನ ಮೂರು ಸಲ ಇಡಬೇಕು. ಅದೇ ಕ್ರಮ." ಹೀಗೆಂದು ಉಳಿದ ಹೊಸ ಕಾರ್ಡುಗಳನ್ನು ತೆಗೆದು, ತಮ್ಮ ಎಂಟು ಬೆರಳುಗಳನ್ನು ಸರದಿಯ ಮೇಲೆ ಚುಚ್ಚಿ, ಮೂರು ಕಾರ್ಡಿಗೂ ಹದಿನೈದು ಹನಿ ತಮ್ಮದೇ ರಕ್ತವನ್ನು ಗೆರೆ ದಾಟದಂತೆ ತುಂಬಿದರು. ಒಂದಕ್ಕೆ ತಮ್ಮ ಹೆಸರು, ಒಂದಕ್ಕೆ ಹೆಂಡತಿಯ ಹೆಸರು, ಒಂದಕ್ಕೆ ಅತ್ತೆಯ ಹೆಸರು. ನಾನು ಸಹಿ ಹಾಕಿದೆ. ಸಹಿಯ ಮೇಲೆ, "ಸಾಕ್ಷಿಯು ಪರೀಕ್ಷೆ ಮುಗಿಯುವವರೆಗೆ ಬಾಯಿ ಬಿಡತಕ್ಕದ್ದಲ್ಲ" ಎಂದು ಬರೆದಿತ್ತು. ಕಂಪನಿ ಪಾಸಾದ ಮೇಲೆ ಹೆಂಗಸರಿಗೆ ವಿಷಯ ತಿಳಿಸಿ, ಹೊಸ ಕಾರ್ಡು ತರಿಸಿ, ನಿಜವಾದ ರಕ್ತ ಕಳಿಸುವುದು ಅವರ ಯೋಜನೆ. ಯೋಜನೆ ಎಂದ ಮೇಲೆ ಅದರಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಒಂಬತ್ತು ದಿನಕ್ಕೆ ಮೂರು ಲಕೋಟೆ ಬಂದವು. ಸಾಹೇಬರು ಕಚೇರಿಯಲ್ಲಿದ್ದರು. ಮೂರನ್ನೂ ಒಡೆದವರು ಅಜ್ಜಿ. ಐದು ನಿಮಿಷದಲ್ಲಿ ನನ್ನ ಬಾಗಿಲು ದಡದಡ ಸದ್ದು ಮಾಡಿತು. ತೆರೆದರೆ ಅಜ್ಜಿ ನಿಂತಿದ್ದರು, ಕೈಯಲ್ಲಿ ಊರುಗೋಲಿರಲಿಲ್ಲ.

"ಓದು ಮಗಾ, ಜೋರಾಗಿ ಓದು!"

"ನಿಮ್ಮ ದೇಹದ ವಯಸ್ಸು, ಅರವತ್ತೇಳು" ಎಂದು ಓದಿದೆ.

"ಒಂಬತ್ತು ವರ್ಷ ವಾಪಸ್ ಬಂತು ನೋಡು! ಆ ಡಾಕ್ಟರು ನನಗೆ ಮೊಣಕಾಲು ಸವೆದಿದೆ ಅಂದಿದ್ದ. ಅರವತ್ತೇಳಕ್ಕೆ ಯಾವ ಮೊಣಕಾಲು ಸವೆಯುತ್ತೆ?"

ಅಷ್ಟರಲ್ಲಿ ಡಬ್ಬಿ ಅಕ್ಕ ತಮ್ಮ ಕಾಗದ ಹಿಡಿದು ಮೆಟ್ಟಿಲಿಳಿದು ಬಂದರು. ಆಕೆಗೆ ನಲವತ್ತೊಂಬತ್ತು. ಕಾಗದದಲ್ಲಿ ಅರವತ್ತೇಳು. "ಅಮ್ಮಾ," ಎಂದರು ಸಣ್ಣ ದನಿಯಲ್ಲಿ, "ನಿನಗೂ ನನಗೂ ಒಂದೇ ವಯಸ್ಸಾ?"

ಅಜ್ಜಿ ಮಗಳನ್ನು ಮೇಲಿನಿಂದ ಕೆಳಗೆ ನೋಡಿದರು. "ಇನ್ಮೇಲೆ ಹೊರಗಡೆ ಅಮ್ಮಾ ಅನ್ಬೇಡ ಕಣೇ, ಚೆನ್ನಾಗಿರಲ್ಲ. ಅಕ್ಕ ಅನ್ನು."

ಮೂರು ಕಾಗದದಲ್ಲೂ ವಯಸ್ಸಿನ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲಿತ್ತು: ಮೂರು ತಿಂಗಳ ಸಕ್ಕರೆ, ಎಂಟು ಪಾಯಿಂಟ್ ನಾಲ್ಕು. ಆರೂವರೆ ದಾಟಿದರೆ ಸಕ್ಕರೆ ಕಾಯಿಲೆ ಎಂದು ಪಕ್ಕದಲ್ಲೇ ಅಚ್ಚಾಗಿತ್ತು. ಅಜ್ಜಿ ಆ ಸಾಲನ್ನು ಓದಲಿಲ್ಲ. ಡಬ್ಬಿ ಅಕ್ಕ ಅದೊಂದನ್ನೇ ಓದಿದರು.

ಸಂಜೆ ಸಾಹೇಬರು ಮೂರೂ ಕಾಗದಗಳನ್ನು ಹಿಡಿದು ನನ್ನಲ್ಲಿಗೆ ಓಡಿಬಂದರು. ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಕಂಡೇ ಇರಲಿಲ್ಲ. "ಎಂಟು ಪಾಯಿಂಟ್ ನಾಲ್ಕು, ಎಂಟು ಪಾಯಿಂಟ್ ನಾಲ್ಕು, ಎಂಟು ಪಾಯಿಂಟ್ ನಾಲ್ಕು! ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ! ಎಂಥ ತಕ್ಕಡಿ ಬೈಂಡರ್ರೇ, ಎಂಥ ತಕ್ಕಡಿ!" ಎಂದು ನನ್ನ ಕೈ ಹಿಡಿದು ಕುಲುಕಿದರು.

"ಸಾಹೇಬ್ರೇ," ಎಂದೆ, "ಮೂರೂ ನಿಮ್ಮ ರಕ್ತಾನೇ ಅಲ್ವಾ? ಅಂದ್ರೆ ಸಕ್ಕರೆ..."

ಕುಲುಕುತ್ತಿದ್ದ ಕೈ ನಿಧಾನವಾಯಿತು. ಆಮೇಲೆ ನಿಂತಿತು. ಅವರು ನನ್ನ ಕುರ್ಚಿಯ ಮೇಲೆ ಕುಸಿದು ಕುಳಿತರು. ಕಂಪನಿಯ ಯಂತ್ರ ಸುಳ್ಳು ಎನ್ನಲು ಈಗ ದಾರಿಯಿರಲಿಲ್ಲ. ಅದಕ್ಕೆ ಮುದ್ರೆ ಒತ್ತಿದವರು ಅವರೇ.

"ಮನೇಲಿ ಹೇಳಿಬಿಡಿ" ಎಂದೆ.

"ಹೇಳ್ತೀನಿ, ಹೇಳ್ತೀನಿ. ಇವತ್ತು ಅತ್ತೆ ಖುಷಿಯಾಗಿದಾರೆ. ನಾಳೆ ಹೇಳ್ತೀನಿ."

ಆ ನಾಳೆಯ ಬೆಳಿಗ್ಗೆ ಹತ್ತಕ್ಕೆ ಕಂಪನಿಯ ಸಲಹೆಗಾರ್ತಿಯೇ ಫೋನ್ ಮಾಡಿದಳು. ಡಬ್ಬಿ ಕೊಡಲು ಬಂದ ಅಕ್ಕ ನನ್ನ ಬಾಗಿಲಲ್ಲೇ ನಿಂತು ಮಾತಾಡಿದ್ದರಿಂದ ನನಗೂ ಕೇಳಿಸಿತು. ಆ ಕಡೆಯ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಮೇಡಂ, ಮೊದಲು ಅಭಿನಂದನೆ! ನಿಮ್ಮಂಥ ಕುಟುಂಬ ನಮ್ಮ ಕಂಪನಿ ಇತಿಹಾಸದಲ್ಲೇ ಬಂದಿಲ್ಲ. ಮೂರು ಜನ, ಒಂದೇ ಸಕ್ಕರೆ, ಒಂದೇ ಕೊಬ್ಬು, ಒಂದೇ ವಯಸ್ಸು! ನಿಮ್ಮ ತಾಯಿಗೂ ನಿಮ್ಮ ಯಜಮಾನ್ರಿಗೂ ರಕ್ತಸಂಬಂಧ ಇದೆಯಾ?"

"ಇಲ್ಲಮ್ಮ. ಅತ್ತೆ ಅಳಿಯ, ಅಷ್ಟೇ."

"ಹಾಗಾದ್ರೆ ವಂಶದಿಂದ ಬಂದಿದ್ದಲ್ಲ. ನಮ್ಮ ತಜ್ಞರೆಲ್ಲ ಕೂತು ಯೋಚನೆ ಮಾಡಿದ್ರು ಮೇಡಂ. ಮೂವರಿಗೂ ಒಂದೇ ಆಗಿರೋದು ಏನು ಹೇಳಿ? ಊಟ! ಎಲ್ಲಾ ನಿಮ್ಮ ಅಡುಗೆಮನೆಯಿಂದಾನೇ. ಅಡುಗೆ ಯಾರು ಮಾಡೋದು ಮೇಡಂ?"

ಡಬ್ಬಿ ಅಕ್ಕ ಫೋನನ್ನು ಇಳಿಸಿ, ನನಗೆ ಕೊಟ್ಟಿದ್ದ ಡಬ್ಬಿಯನ್ನು ನನ್ನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡರು. ನಾನು ಅದನ್ನು ಮತ್ತೆ ಕಿತ್ತುಕೊಂಡು ಅವರ ಎದುರಿಗೇ ತಿಂದೆ. ಅಷ್ಟು ಮಾಡುವ ಧೈರ್ಯವಿತ್ತು. ಬಾಯಿ ಬಿಟ್ಟು ನಿಜ ಹೇಳುವ ಧೈರ್ಯವಿರಲಿಲ್ಲ. ನಾನು ಹೇಡಿ, ಇದರಲ್ಲಿ ಅನುಮಾನವೇ ಬೇಡ.

ಇನ್ನು ಸುದ್ದಿ ಹರಡಲು ಪತ್ರಿಕೆ ಬೇಕಿರಲಿಲ್ಲ, ಅಜ್ಜಿ ಇದ್ದರು. ಮೆಟ್ಟಿಲ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ಕಾಗದ ತೋರಿಸಿದರು. "ನೋಡಿ, ನನಗೂ ಅರವತ್ತೇಳು, ನನ್ನ ಮಗಳಿಗೂ ಅರವತ್ತೇಳು, ಅಳಿಯನಿಗೂ ಅರವತ್ತೇಳು. ಒಂದೇ ಕೈಯಡುಗೆ!" ಹೆಮ್ಮೆಯಿಂದ ಹೇಳಿದ್ದೇ. ಕೇಳಿದವರು ಮಾತ್ರ ಬೇರೆ ಲೆಕ್ಕ ಹಾಕಿದರು. ಆ ಊಟ ತಿಂದರೆ ಅರವತ್ತೇಳು ದಾಟಿದವರಿಗೆ ಲಾಭ, ಉಳಿದವರು ನೆಟ್ಟಗೆ ಅರವತ್ತೇಳಕ್ಕೆ ಹೋಗಿ ನಿಲ್ಲುತ್ತಾರೆ.

ವಿಮಾ ಕಚೇರಿಯ ಏಳು ಜನ ಒಂದೇ ದಿನ ಡಬ್ಬಿ ಬಿಟ್ಟರು. ಜನರ ಆಯುಸ್ಸಿನ ಲೆಕ್ಕ ಹಾಕುವುದೇ ಅವರ ಕಸುಬು, ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ನಾಲ್ವರು ಬಿಟ್ಟರು. ಕೋರ್ಟಿನ ಗುಮಾಸ್ತರೊಬ್ಬರು ತೊಳೆದ ಡಬ್ಬಿಯೊಳಗೆ ಚೀಟಿ ಇಟ್ಟು ಕಳಿಸಿದರು: "ಅಕ್ಕ, ಊಟ ಬಹಳ ರುಚಿ. ಅದಕ್ಕೇ ಭಯ." ಎರಡು ವಾರದಲ್ಲಿ ಇಪ್ಪತ್ತಾರು ಡಬ್ಬಿ ಏಳಕ್ಕೆ ಇಳಿಯಿತು. ಏಳರಲ್ಲಿ ಒಂದು ನನ್ನದು. ನಾನು ನಿಶ್ಚಿಂತೆಯಿಂದ ಉಣ್ಣುವುದನ್ನು ಕಿಟಕಿಯಿಂದ ನೋಡಿದವರು, "ಬೈಂಡರ್ ಸಾವಿಗೂ ಹೆದರೋನಲ್ಲ" ಎಂದು ಮಾತಾಡಿಕೊಂಡರು. ಬದುಕಿನಲ್ಲಿ ಮೊದಲ ಸಲ ಶೂರನೆನಿಸಿಕೊಂಡೆ, ಅದೂ ಊಟ ಮಾಡಿ.

ಡಬ್ಬಿ ಅಕ್ಕ ಯಾರನ್ನೂ ಬಯ್ಯಲಿಲ್ಲ. ಅಡುಗೆಮನೆಯನ್ನೇ ವಿಚಾರಣೆಗೆ ನಿಲ್ಲಿಸಿದರು. ಎಣ್ಣೆ ಬದಲಾಯಿತು, ಪಾತ್ರೆ ಬದಲಾಯಿತು, ನೀರು ಎರಡೆರಡು ಸಲ ಕುದಿಯಿತು. ಸಕ್ಕರೆ ಡಬ್ಬ ಮನೆಯಿಂದಲೇ ಹೊರಬಿತ್ತು. ಉಪ್ಪು ಹೋಯಿತು, ಒಗ್ಗರಣೆ ಹೋಯಿತು. ಕೊನೆಗೆ ಬೇಯಿಸಿದ ತರಕಾರಿ ಬೇಯಿಸಿದ ನೀರಿನಲ್ಲಿ ತೇಲುವ ಹಂತಕ್ಕೆ ಬಂದಿತು. ಉಳಿದ ಏಳರಲ್ಲಿ ಮೂವರು ಕಾಯಿಲೆಗೆ ಹೆದರದೆ ಇದ್ದವರು ಇದಕ್ಕೆ ಹೆದರಿ ಓಡಿದರು. ಆಕೆ ತಾನು ಮಾಡಿದ್ದನ್ನು ತಾನೇ ಬಾಯಿಗಿಡುವುದನ್ನು ಬಿಟ್ಟರು. ಬಾಳೆಹಣ್ಣು, ನೀರು, ಅಷ್ಟೇ. ಒಂದು ಮಧ್ಯಾಹ್ನ ನನ್ನ ಹತ್ತಿರ, "ಅಣ್ಣಾ, ಹನ್ನೊಂದು ವರ್ಷ ಇಪ್ಪತ್ತಾರು ಜನಕ್ಕೆ ನಾನು ಏನು ಉಣಿಸಿದೆ?" ಎಂದು ಕೇಳಿದರು. ನಾನು ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟೆ.

ಆ ಸಂಜೆ ಸಾಹೇಬರನ್ನು ಹುಡುಕಿಕೊಂಡು ಮಹಡಿಯ ಮೇಲಿನ ತಾರಸಿಗೆ ಹೋದೆ. ಅಲ್ಲಿ ಅವರು ಕಚೇರಿಯ ಪ್ಯಾಂಟಿನಲ್ಲೇ, ಒಣಹಾಕಿದ ಬಟ್ಟೆಗಳ ನಡುವೆ ಓಡುತ್ತಿದ್ದರು.

"ಏನು ಸಾಹೇಬ್ರೇ ಇದು?"

"ಅಂಕಿ... ಇಳಿಸ್ತಿದೀನಿ" ಎಂದರು ಏದುಸಿರಿನಲ್ಲಿ. "ಆರಕ್ಕೆ ಇಳಿಸಿ... ಇನ್ನೊಂದು ಪರೀಕ್ಷೆ ಮಾಡಿಸಿ... ಎಲ್ಲಾ ಸರಿಹೋಯ್ತು ಅಂತ ಒಟ್ಟಿಗೇ ಹೇಳಿಬಿಡ್ತೀನಿ. ಇನ್ನೊಂದೇ ವಾರ."

"ಅದು ಮೂರು ತಿಂಗಳ ಸಕ್ಕರೆ ಸಾಹೇಬ್ರೇ. ಒಂದು ವಾರಕ್ಕೆ ಬಗ್ಗಲ್ಲ. ಕಳ್ಳ ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ."

ಅವರು ಯಾರದೋ ಒದ್ದೆ ಬೆಡ್‌ಶೀಟನ್ನು ಹಿಡಿದುಕೊಂಡು ನಿಂತರು. "ಹೇಳಿದ್ರೆ ಅವಳು ಒಂದೇ ಪ್ರಶ್ನೆ ಕೇಳ್ತಾಳೆ ಬೈಂಡರ್ರೇ. ನನ್ನ ಅಡುಗೆಯಿಂದ ಅಲ್ಲ ಅಂದ್ರೆ ನಿಮ್ಮ ಮೈಗೆ ಸಕ್ಕರೆ ಎಲ್ಲಿಂದ ಬಂತು ಅಂತ. ಅದಕ್ಕೆ ನಾನು ಏನು ಹೇಳ್ಲಿ?"

"ಎಲ್ಲಿಂದ ಬಂತು?"

"ನಾಳೆ ಹೇಳ್ತೀನಿ" ಎಂದು ಮತ್ತೆ ಓಡತೊಡಗಿದರು.

ಆ ನಾಳೆಗೆ ಬಂದವರು ಆರೋಗ್ಯ ಇಲಾಖೆಯ ಅಧಿಕಾರಿ. ಹಲ್ಲಿನ ಡಾಕ್ಟರು ದೂರು ಕೊಟ್ಟಿದ್ದರಂತೆ. ಗಿಡ್ಡನೆಯ ಮನುಷ್ಯ, ದಪ್ಪನೆಯ ಫೈಲು, ಜೊತೆಗೆ ಅಂಟಿನ ಡಬ್ಬಿ. ಅಂಟಿನ ಡಬ್ಬಿ ಕಂಡೊಡನೆ ಕಟ್ಟಡದವರೆಲ್ಲ ಮೆಟ್ಟಿಲ ಮೇಲೆ ಜಾಗ ಹಿಡಿದು ಕುಳಿತರು. ಬಾಣಂತಿ ಮಗುವನ್ನೂ ಎತ್ತಿಕೊಂಡು ಬಂದಳು.

ಅಧಿಕಾರಿ ಅಡುಗೆಮನೆಯ ಮೂಲೆ ಮೂಲೆಗೂ ಮೂಗು ತೂರಿಸಿದರು. ಎಲ್ಲಿಯೂ ಒಂದು ಜಿಡ್ಡಿನ ಕಲೆ ಸಿಗದಿದ್ದುದು ಅವರಿಗೆ ಇನ್ನಷ್ಟು ಅನುಮಾನ ತಂದಿತು. "ಇಷ್ಟು ಶುಚಿಯಾಗಿದ್ದೂ ಮೂವರಿಗೂ ಕಾಯಿಲೆ ಅಂದ್ರೆ ವಿಷಯ ಗಂಭೀರ" ಎಂದರು. "ತನಿಖೆ ಮುಗಿಯೋವರೆಗೆ ಅಡುಗೆಮನೆ ಮುಚ್ಚಬೇಕಾಗ್ತದೆ. ಬಾಗಿಲಿಗೆ ನೋಟೀಸ್ ಅಂಟಿಸ್ತೀನಿ."

ಡಬ್ಬಿ ಅಕ್ಕ ಕೈ ಕಟ್ಟಿಕೊಂಡು ಒಲೆಯ ಪಕ್ಕ ನಿಂತಿದ್ದರು. "ಅಂಟಿಸಿ ಸಾರ್" ಎಂದರು. "ನಾನೇ ಮುಚ್ಚಬೇಕು ಅಂತಿದ್ದೆ. ಇನ್ನು ಯಾರಿಗೂ ಅಡುಗೆ ಮಾಡಲ್ಲ."

"ಅಯ್ಯೋ, ನನಗೇನಾಗಿದೆ ಅಂತ ಮುಚ್ತೀರಿ?" ಎಂದು ಅಜ್ಜಿ ನಡುವೆ ನುಗ್ಗಿದರು. "ನೋಡಿ ನನ್ನ!" ಎಂದು ಒಂಟಿ ಕಾಲಿನ ಮೇಲೆ ನಿಲ್ಲಲು ಹೋಗಿ ಅಧಿಕಾರಿಯ ಭುಜ ಹಿಡಿದುಕೊಂಡರು.

ಅಧಿಕಾರಿ ಅಜ್ಜಿಯನ್ನು ಗೋಡೆಗೆ ಒರಗಿಸಿ, ಫೈಲು ತೆರೆದು, ಸಾಹೇಬರತ್ತ ಪೆನ್ನು ಚಾಚಿದರು. "ತಾವೂ ಸರ್ಕಾರಿ ನೌಕರರು. ತಮಗೆ ಗೊತ್ತೇ ಇದೆ. ಈ ಮೂರು ವರದಿಗಳು ಈ ಮನೆಯ ಮೂವರದ್ದೇ, ಸರಿಯಾಗಿವೆ ಅಂತ ಒಂದು ಸಹಿ."

ಸಾಹೇಬರು ಪೆನ್ನು ಹಿಡಿದರು. ಕಾಗದವನ್ನು ನೋಡಿದರು. ಒಲೆಯ ಪಕ್ಕ ನಿಂತ ಹೆಂಡತಿಯನ್ನು ನೋಡಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರು ಎಷ್ಟೋ ಅಂಗಡಿ ಮುಚ್ಚಿಸಿದ್ದರು. ಸರಿಯಾದ ತಕ್ಕಡಿಯ ಅಂಗಡಿಯೊಂದನ್ನು ಮುಚ್ಚಿಸಿದ್ದಿಲ್ಲ. ಪೆನ್ನಿನ ತುದಿ ಕಾಗದವನ್ನು ಮುಟ್ಟಿ ಒಂದು ಚುಕ್ಕೆ ಮೂಡಿಸಿ ಅಲ್ಲಿಗೇ ನಿಂತಿತು.

"ಸಹಿ ಹಾಕೋಕಾಗಲ್ಲ" ಎಂದರು.

"ಯಾಕೆ?"

"ರಕ್ತ ನಂದು."

"ಗೊತ್ತು ಸಾರ್. ಒಂದು ತಮ್ಮದು, ಒಂದು..."

"ಮೂರೂ ನಂದೇ!" ಎಂದು ಸಾಹೇಬರು ಕೂಗಿದ ಕೂಗಿಗೆ ಬಾಣಂತಿಯ ಮಗು ಎದ್ದು ಅಳತೊಡಗಿತು. "ಅವರ ಕಾರ್ಡಲ್ಲಿ ಅಳತೆ ಕಡಿಮೆ ಇತ್ತು. ಯಂತ್ರ ಸರಿ ಇದೆಯಾ ನೋಡೋಣ ಅಂತ ನನ್ನದೇ ಮೂರು ಸಲ ಕಳಿಸಿದೆ. ಬೈಂಡರ್ ಸಾಕ್ಷಿ ಇದಾರೆ."

ಮೆಟ್ಟಿಲ ಮೇಲಿದ್ದವರೆಲ್ಲ ಒಟ್ಟಿಗೆ ನನ್ನತ್ತ ತಿರುಗಿದರು. ನನ್ನ ಶೌರ್ಯ ಅಲ್ಲಿಗೆ ಮುಗಿಯಿತು.

ಮೊದಲು ಚೇತರಿಸಿಕೊಂಡವರು ಅಜ್ಜಿ. "ಹಾಗಾದ್ರೆ ನನ್ನ ಅರವತ್ತೇಳು?"

"ಅದೂ ನಂದೇ ಅತ್ತೆ."

"ಅಂದ್ರೆ ನಾನು ಮತ್ತೆ ಎಪ್ಪತ್ತಾರಾ? ನಿಂತ ನಿಲುವಲ್ಲಿ ಒಂಬತ್ತು ವರ್ಷ ಕಿತ್ಕೊಂಡ್ರಲ್ಲ ಅಳಿಯಂದ್ರೇ! ಯಾವ ಅಳಿಯನಾದ್ರೂ ಮಾಡೋ ಕೆಲಸವಾ ಇದು?" ಎಂದು ಗೋಡೆ ಹಿಡಿದು ಕೆಳಗೆ ಕುಳಿತು ಊರುಗೋಲನ್ನು ಕೇಳಿದರು.

ಡಬ್ಬಿ ಅಕ್ಕ ಮಾತ್ರ ಕದಲಲಿಲ್ಲ. "ರೀ," ಎಂದರು, "ನನಗೆ ಸಕ್ಕರೆ ಇಲ್ಲ?"

"ಇಲ್ಲ. ಅಂದ್ರೆ, ಗೊತ್ತಿಲ್ಲ. ನಿನ್ನ ರಕ್ತ ಹೋಗೇ ಇಲ್ಲ."

"ಅಮ್ಮನಿಗೂ ಇಲ್ಲ. ಹಾಗಾದ್ರೆ ಎಂಟು ಪಾಯಿಂಟ್ ನಾಲ್ಕು ಯಾರದ್ದು?"

ಸಾಹೇಬರು ತಮ್ಮ ಎದೆ ಮುಟ್ಟಿ ತೋರಿಸಿದರು.

"ನನ್ನ ಕೈಯಲ್ಲಿ ಉಂಡು ನಿಮಗೆ ಸಕ್ಕರೆ ಎಲ್ಲಿಂದ ಬಂತು?"

ಅವರು ಹೆದರಿದ್ದ ಪ್ರಶ್ನೆ ಇದೇ. ಇಡೀ ಕಟ್ಟಡ ಕೇಳುತ್ತಿತ್ತು. ಸಾಹೇಬರು "ಬೇಕರಿ" ಎಂದರು. "ತೂಕ ಸರಿ ಇದೆಯಾ ಅಂತ ನೋಡೋಕೆ ಗಿರಾಕಿ ಹಾಗೆ ಹೋಗಿ ಕಾಲು ಕೆಜಿ ಕೇಕು ತಗೋಬೇಕು. ತಗೊಂಡು ತೂಗಬೇಕು. ದಿನಕ್ಕೆ ಎರಡು ಬೇಕರಿ. ಒಂದೊಂದು ದಿನ ಮೂರು."

"ತೂಗಿದ ಮೇಲೆ?" ಎಂದು ಆರೋಗ್ಯಾಧಿಕಾರಿ ಕೇಳಿದರು.

"ತೂಕ ಸರಿ ಇದ್ರೆ ಮಾಲನ್ನ ವಿಲೇವಾರಿ ಮಾಡತಕ್ಕದ್ದು ಅಂತ ನಿಯಮ ಇದೆ. ಹೇಗೆ ಅಂತ ಬರೆದಿಲ್ಲ."

"ಎಷ್ಟು ವರ್ಷದಿಂದ ವಿಲೇವಾರಿ ಮಾಡ್ತಿದೀರಿ?"

"ಬೇಕರಿ ವಿಭಾಗಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು."

ಅಧಿಕಾರಿ ಪೆನ್ನನ್ನು ವಾಪಸು ತೆಗೆದುಕೊಂಡು ಜೇಬಿಗೆ ಸಿಕ್ಕಿಸಿದರು. ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಫೈಲಿನೊಳಗೆ ಇಟ್ಟರು. ಹೋಗುವಾಗ ಸಾಹೇಬರ ಹೊಟ್ಟೆಯನ್ನೇ ನೋಡುತ್ತ, "ಈ ಉಗ್ರಾಣಕ್ಕೆ ನೋಟೀಸ್ ಅಂಟಿಸೋ ಅಧಿಕಾರ ನನಗಿಲ್ಲ" ಎಂದು ಹೇಳಿ ಮೆಟ್ಟಿಲಿಳಿದರು.

ಡಬ್ಬಿ ಅಕ್ಕ ಅಳುತ್ತಾರೆ, ಇಲ್ಲವೇ ಪಾತ್ರೆ ಎಸೆಯುತ್ತಾರೆ ಎಂದು ನಾವೆಲ್ಲ ಕಾದೆವು. ಆಕೆ ಒಂದು ತಟ್ಟೆ ತೆಗೆದುಕೊಂಡು, ಆ ಉಪ್ಪಿಲ್ಲದ ಅಡುಗೆಗೆ ಉಪ್ಪು ಹಾಕಿ, ಒಗ್ಗರಣೆ ಕೊಟ್ಟು, ನೆಲದ ಮೇಲೆ ಕುಳಿತು ಊಟಕ್ಕೆ ತೊಡಗಿದರು. ಹದಿನೆಂಟು ದಿನಗಳ ಮೇಲೆ ಆಕೆ ಉಂಡದ್ದು ಅದೇ ಮೊದಲು. ಎರಡನೇ ಸಲ ಬಡಿಸಿಕೊಂಡು ತಿನ್ನುವಾಗ ಆಕೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಜಗಿಯುತ್ತಲೇ ಇತ್ತು. ನನಗೂ ಅಳು ಬಂತು. ಸಾಹೇಬರು ಅಪರಾಧಿಯಂತೆ ಬಾಗಿಲಿಗೆ ಒತ್ತಿ ನಿಂತಿದ್ದರು.

ಕೈ ತೊಳೆದು ಬಂದು ಆಕೆ ಹೇಳಿದರು: "ನಾಳೆ ಡಾಕ್ಟರ ಹತ್ರ ಹೋಗ್ತೀರಿ. ಅವರು ಏನು ಮಾತ್ರೆ ಕೊಟ್ರೂ ನುಂಗ್ತೀರಿ. ನಿಮ್ಮ ಸಕ್ಕರೆ ಇಳಿಸೋದು ನನ್ನ ಕೆಲಸ, ಅದನ್ನ ನಾನು ನೋಡ್ಕೋತೀನಿ. ನನ್ನ ಹೆಸರು ಏರಿಸೋದು ನಿಮ್ಮ ಕೆಲಸ. ದಿನಾ ಬೆಳಿಗ್ಗೆ ಡಬ್ಬಿ ಹೊತ್ಕೊಂಡು ನಡ್ಕೊಂಡೇ ಹೋಗಬೇಕು. ಇಪ್ಪತ್ತಾರು ಬಾಗಿಲಲ್ಲೂ ನಿಂತು, ಆ ರಕ್ತ ನಂದು ಅಂತ ನಿಮ್ಮ ಬಾಯಿಂದಾನೇ ಹೇಳಬೇಕು."

"ಡಬ್ಬಿ ಬಿಟ್ಟೋರ ಹತ್ರಾನೂ?"

"ಬಿಟ್ಟೋರ ಹತ್ರ ಮೊದಲು."

"ದಿನಾ ಹೇಳಬೇಕಾ? ಒಂದ್ಸಲ ಹೇಳಿದ್ರೆ..."

"ಒಂದೇ ಸಲಕ್ಕೆ ಯಾರಾದ್ರೂ ನಂಬ್ತಾರಾ?" ಎಂದು ಆಕೆ ಕೇಳಿದರು.

ಮಾರನೇ ದಿನದಿಂದ ಊರು ಒಂದು ದೃಶ್ಯ ಕಂಡಿತು. ಎರಡು ಕೈಯಲ್ಲೂ ಡಬ್ಬಿಯ ಚೀಲ ಹಿಡಿದ ತೂಕದ ಇನ್ಸ್‌ಪೆಕ್ಟರು ಕಚೇರಿಗೆ ಹೋಗುವ ಮೊದಲು ಐದು ಬೀದಿ ನಡೆಯುತ್ತಿದ್ದರು. ವಿಮಾ ಕಚೇರಿಯವರು ಮೊದಲ ದಿನ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು, ಎರಡನೇ ದಿನ ಒಳಗೆ ಕರೆದು ಕೂರಿಸಿ ಕೇಳಿದರು, ಮೂರನೇ ದಿನ ಮೇಲಿನ ಮಹಡಿಯ ಮ್ಯಾನೇಜರನ್ನೂ ಕರೆಸಿ ಇನ್ನೊಮ್ಮೆ ಮೊದಲಿನಿಂದ ಹೇಳಿಸಿದರು. ನಾಲ್ಕನೇ ದಿನ ಏಳೂ ಜನ ಮತ್ತೆ ಡಬ್ಬಿ ತರಿಸತೊಡಗಿದರು. ಹಲ್ಲಿನ ಡಾಕ್ಟರು ಮಾತ್ರ ಬಾಯಿ ತೆರೆಸಿ ನೋಡಿ, "ಹದಿನಾಲ್ಕು ವರ್ಷ ಅಂದ್ರಾ? ಇನ್ನೂ ಆರು ಹಲ್ಲು ಗಟ್ಟಿ ಇವೆ" ಎಂದು ಆಶ್ಚರ್ಯಪಟ್ಟರಂತೆ. ದಾರಿಯಲ್ಲಿ ಬೇಕರಿಗಳಿದ್ದವು. ಅವುಗಳ ಮುಂದೆ ಬರುವಾಗ ಸಾಹೇಬರು ಎದುರು ಪಾದಚಾರಿ ಮಾರ್ಗಕ್ಕೆ ದಾಟಿ, ಮೂಗು ಹಿಡಿದು ನಡೆಯುತ್ತಿದ್ದರು. ಅವರನ್ನು ಬೇಕರಿ ವಿಭಾಗದಿಂದ ಕಬ್ಬಿಣದ ಅಂಗಡಿಗಳ ವಿಭಾಗಕ್ಕೆ ಹಾಕಿಸಿದ್ದೂ ಡಬ್ಬಿ ಅಕ್ಕನೇ. ಮೇಲಧಿಕಾರಿಗಳಿಗೆ ಒಂದು ವಾರ ಊಟ ಕಳಿಸಿದ್ದರು, ಅಷ್ಟೇ.

ತಾಯಿ ಮಗಳ ರಕ್ತ ಈ ಸಲ ನಿಜವಾಗಿಯೂ ಆಸ್ಪತ್ರೆಗೆ ಹೋಯಿತು. ಇಬ್ಬರಿಗೂ ಸಕ್ಕರೆ ಇರಲಿಲ್ಲ. ಅಜ್ಜಿ, "ವಯಸ್ಸು ಎಷ್ಟು ಬಂತು?" ಎಂದು ಕೇಳಿದ್ದಕ್ಕೆ ಡಾಕ್ಟರು, "ಎಪ್ಪತ್ತಾರು ಅಂತ ನೀವೇ ಬರೆದಿದೀರಲ್ಲ" ಎಂದರಂತೆ. ಆ ಡಾಕ್ಟರಿಗೆ ಏನೂ ಗೊತ್ತಿಲ್ಲವೆಂದು ಅಜ್ಜಿ ಈಗಲೂ ಹೇಳುತ್ತಾರೆ. ಅಳಿಯನೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದರು.

ಮೂರು ತಿಂಗಳು ತುಂಬಿದ ದಿನ ಸಾಹೇಬರು ಹೊಸ ವರದಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನೂ ಪಕ್ಕದಲ್ಲಿದ್ದೆ, ಸಾಕ್ಷಿಯೆಂದು ಅಲ್ಲ, ಡಬ್ಬಿಗೆಂದು. ಆರು ಪಾಯಿಂಟ್ ಏಳು. ಡಬ್ಬಿ ಅಕ್ಕ ಕಾಗದವನ್ನು ಎರಡು ಸಲ ಓದಿದರು. "ನಿಮ್ಮ ರಕ್ತಾನೇ ತಾನೇ?" ಎಂದು ಕೇಳಿದರು. ಸಾಹೇಬರು ಚುಚ್ಚಿದ ಬೆರಳನ್ನು ತೋರಿಸಿದರು. ಆಕೆ ಆ ಬೆರಳನ್ನು ಹಿಡಿದುಕೊಂಡು ಒಂದು ಕ್ಷಣ ಹಾಗೆಯೇ ನಿಂತರು.

ಆ ಕ್ಷಣ ಒಳ್ಳೆಯದಿದೆ ಎಂದು ಸಾಹೇಬರಿಗೂ ಅನಿಸಿರಬೇಕು. "ಅಲ್ಲ ಕಣೇ," ಎಂದರು ಮೆಲ್ಲಗೆ, "ಇಪ್ಪತ್ತಾರು ಜನಾನೂ ವಾಪಸ್ ಬಂದ್ರು. ಎಲ್ಲರಿಗೂ ಕಥೆ ಬಾಯಿಪಾಠ ಆಗಿದೆ. ನಾನು ಬಾಯಿ ತೆಗೆಯೋ ಮೊದಲೇ ಅವರೇ ಹೇಳ್ತಾರೆ. ನಡೀತೀನಿ, ಡಬ್ಬಿ ಹೊರ್ತೀನಿ. ಆ ಮಾತು ಹೇಳೋದನ್ನ ಇನ್ನು ಬಿಡಬಹುದಾ?"

"ನಿನ್ನೆಯಿಂದ ಹೊಸದಾಗಿ ಎಂಟು ಜನ ಸೇರಿದಾರೆ" ಎಂದರು ಡಬ್ಬಿ ಅಕ್ಕ. "ಅವರಿಗೆ ಯಾರು ಹೇಳ್ತಾರೆ?"

ಸಾಹೇಬರು ಬೆರಳನ್ನು ಬಿಡಿಸಿಕೊಂಡರು. ಆಮೇಲೆ ಮೂವತ್ತನಾಲ್ಕು ಡಬ್ಬಿ ಎಣಿಸಿ ಚೀಲಕ್ಕೆ ತುಂಬಿಕೊಂಡು ಹೊರಟರು. ನನಗೂ ಬೇರೆ ಕೆಲಸವಿರಲಿಲ್ಲ, ಒಂದು ಚೀಲ ಹಿಡಿದು ಜೊತೆಗೆ ಹೋದೆ. ಮೊದಲನೆಯ ಹೊಸ ಬಾಗಿಲು ಒಂದು ಕನ್ನಡಕದ ಅಂಗಡಿ. ಒಳಗಿದ್ದ ಹೆಂಗಸು ತಲೆಯೆತ್ತಿ, ಯಾರು ಬೇಕು ಎಂಬಂತೆ ನೋಡಿದಳು. ಸಾಹೇಬರು ಅಂಗಿಯ ಗುಂಡಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದರು:

"ನಮಸ್ಕಾರ ಅಮ್ಮಾ. ಆ ರಕ್ತ ನಂದು. ಮೂರೂ ನಂದೇ. ಊಟ ಬಿಸಿ ಇದೆ."